ಮುರಕಲ್ಲಿನ ಬಾವಿ ನೀರು ಕುದಿಸದೆ ಕುಡಿಯಬಹುದೇ? ವಿದ್ಯಾರ್ಥಿಯ ಮೊದಲ ಸಂಶೋಧನೆಗೊಂದು ದಾರಿ

“ನಮ್ಮದು ಮುರಕಲ್ಲಿನ ಬಾವಿ, ನೀರು ಸೋಸಿಯೇ ಬರುತ್ತದೆ, ಕುದಿಸುವುದೇನೂ ಬೇಡ.” ಪರ್ಕಳದಂಥ ಊರಿನಲ್ಲಿ ಇಂಥ ಮಾತು ಕೇಳಿದರೆ ಅಚ್ಚರಿಯಿಲ್ಲ. ಇದು ನಿಜವೇ?

ಮುರಕಲ್ಲಿನಲ್ಲಿ ತೂತು, ಬಿರುಕುಗಳಿರುತ್ತವೆ. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿದಾಗ ಟಾಯ್ಲೆಟ್ ಗುಂಡಿಯ ಕೊಳಕು ಅದೇ ದಾರಿಯಲ್ಲಿ ಬಾವಿ ಸೇರಬಹುದು. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಶುದ್ಧವೆಂದಲ್ಲ.

ಹಾಗಾದರೆ ನಮ್ಮೂರಿನ ಬಾವಿಗಳ ಕಥೆ ಏನು? ಇದು ವಿದ್ಯಾರ್ಥಿಯ ಮೊದಲ ಸಂಶೋಧನೆಗೆ ಒಳ್ಳೆಯ ವಿಷಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ಎರಡು ತಿಂಗಳ ಕಿರು ಸಂಶೋಧನಾ ಯೋಜನೆ ಆರಂಭಿಸಿತು. ಅಷ್ಟೇ ಸಮಯದಲ್ಲಿ ‘ಉಡುಪಿ ಜಿಲ್ಲೆಯ ನೀರು’ ಎಂಬ ವಿಷಯ ಮುಗಿಯುವುದಿಲ್ಲ. ಆದ್ದರಿಂದ ಮಾರ್ಗದರ್ಶಕರ ಮೊದಲ ಕೆಲಸ ಪ್ರಶ್ನೆಯನ್ನು ಚಿಕ್ಕದು ಮಾಡಿಸುವುದು: “ಟಾಯ್ಲೆಟ್ ಗುಂಡಿಗೆ ಹತ್ತಿರವಿರುವ ಬಾವಿಗಳಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಹೆಚ್ಚಾಗಿ ಸಿಗುತ್ತದೆಯೇ?”

ಮುಂದಿನ ಹೆಜ್ಜೆಗಳು ಹೀಗಿರಲಿ:

• ‘ಹತ್ತಿರ’ ಎಂದರೆ ಎಷ್ಟು ಮೀಟರ್, ಎಷ್ಟು ಬಾವಿ ಬೇಕು ಎಂಬುದನ್ನು ಮೊದಲೇ ಬರೆದಿಡಿ. ಫಲಿತಾಂಶ ನೋಡಿ ಬದಲಿಸಬೇಡಿ.

• ಗೆಳೆಯರ ಮನೆಯ ಬಾವಿಗಳನ್ನಷ್ಟೇ ಆರಿಸಬೇಡಿ. ಪಟ್ಟಿ ಮಾಡಿ, ಚೀಟಿ ಎತ್ತಿ ಆರಿಸಿ.

• ಕಾಲೇಜಿನ ನೈತಿಕ ಸಮಿತಿಯನ್ನು ಮೊದಲೇ ಕೇಳಿ. ಮನೆಯವರ ಒಪ್ಪಿಗೆ ಪಡೆಯಿರಿ.

• ಕ್ರಿಮಿಶುದ್ಧ ಬಾಟಲಿಯಲ್ಲಿ ನೀರು ತುಂಬಿ, ತಂಪಾಗಿಟ್ಟು, ಅದೇ ದಿನ ಲ್ಯಾಬ್‌ಗೆ ತಲುಪಿಸಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರ್‌ನಲ್ಲಿ ಒಂದೂ ಇ. ಕೋಲಿ ಸಿಗಬಾರದು.

• ಯಾವ ಬಾವಿಯಲ್ಲಿ ಸಿಕ್ಕಿತೋ ಆ ಮನೆಯವರಿಗೆ ತಕ್ಷಣ ತಿಳಿಸಿ. ವರದಿ ಮುಗಿಯಲೆಂದು ಕಾಯಬೇಡಿ. ಅವರ ಮನೆಯ ಮಗು ಇವತ್ತೂ ಅದೇ ನೀರು ಕುಡಿಯುತ್ತಿದೆ.

ವ್ಯತ್ಯಾಸವೇ ಕಾಣದಿದ್ದರೆ? ಅದೂ ಫಲಿತಾಂಶವೇ. ವಿದ್ಯಾರ್ಥಿ ಅದನ್ನು ಇದ್ದ ಹಾಗೆ ಬರೆಯುವಂತೆ ನೋಡಿಕೊಳ್ಳುವುದು ಮಾರ್ಗದರ್ಶಕರ ದೊಡ್ಡ ಜವಾಬ್ದಾರಿ. ಹಾಗೆಯೇ, ಕೆಲವೇ ಬಾವಿಗಳು ಶುದ್ಧವೆಂದು ಕಂಡರೆ ಊರಿನ ಎಲ್ಲ ಬಾವಿಗಳೂ ಶುದ್ಧ ಎಂದಾಗುವುದಿಲ್ಲ.

ಫಾರ್ವರ್ಡ್ ಬಂದಾಗ ನೀವೂ ಇದನ್ನೇ ಕೇಳಿ: ಎಷ್ಟು ಬಾವಿ ನೋಡಿದರು? ಯಾವ ತಿಂಗಳಲ್ಲಿ? ಹೇಗೆ ಆರಿಸಿದರು? ಉತ್ತರ ಇಲ್ಲದಿದ್ದರೆ ಮುಂದೆ ಕಳಿಸಬೇಡಿ. ಅಲ್ಲಿಯವರೆಗೆ ನೀರು ಕೊತಕೊತ ಕುದಿಸಿ, ಆರಿಸಿ, ಮುಚ್ಚಿಟ್ಟು ಕುಡಿಯಿರಿ.