ಸಂದರ್ಶನದ ಮಾತು, ತಂಡದ ಬಾಳು

ಹಲವರು ಕೂಡಿ ಗೊತ್ತಾದ ಅವಧಿಯೊಳಗೆ ಒಂದು ಕಾರ್ಯವನ್ನು ಮುಗಿಸಬೇಕಾದ ಪ್ರಾಜೆಕ್ಟ್ ತಂಡಕ್ಕೆ ಹೊಸಬರನ್ನು ಆರಿಸುವಾಗ, ಜನರೊಡನೆ ಹೊಂದಿ ನಡೆಯುವ ಗುಣವನ್ನು ಸಂದರ್ಶನದಿಂದಲೇ ನಿರ್ಣಯಿಸುವುದು ಯುಕ್ತವೆ?

ಪರ

ಐವರ ತಂಡದಲ್ಲಿ ಇಬ್ಬಿಬ್ಬರ ನಡುವಣ ಸಂಬಂಧಗಳು 10. ಜನ ಹತ್ತಾದರೆ ಸಂಬಂಧಗಳು 45. ಐಬಿಎಂ ಸಂಸ್ಥೆಯಲ್ಲಿ ಬೃಹತ್ ತಂತ್ರಾಂಶವೊಂದರ ನಿರ್ಮಾಣವನ್ನು ನಡೆಸಿದ ಫ್ರೆಡರಿಕ್ ಬ್ರೂಕ್ಸರು 1975ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಲೆಕ್ಕವನ್ನೇ ಮುಂದಿಟ್ಟು, ತಡವಾದ ಕಾರ್ಯಕ್ಕೆ ಹೊಸ ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುವುದೆಂದು ಸಾರಿದರು. ಹತ್ತು ಜನರಲ್ಲಿ ಒಬ್ಬನು ತನ್ನ ತಪ್ಪನ್ನು ಮುಚ್ಚಿಡುವವನಾದರೆ ಕೆಡುವುದು ಒಂಬತ್ತು ಸಂಬಂಧ. ಈ ದೋಷವನ್ನು ಯಾವ ಅಂಕಪಟ್ಟಿಯೂ ತೋರಿಸಲಾರದು.

ಯುಕ್ತವಾಗಿ ಕೇಳಿದ ಪ್ರಶ್ನೆಯಾದರೋ ತೋರಿಸಬಲ್ಲುದು. "ಜೊತೆಗಾರರ ಭಾಗ ತಡವಾಗಿ, ಒಪ್ಪಿಸುವ ದಿನ ಹತ್ತಿರ ಬಂದಾಗ ನೀವೇನು ಮಾಡಿದಿರಿ?" ಎಂದು ಕೇಳಿದರೆ, ಒಬ್ಬರು "ಮ್ಯಾನೇಜರಿಗೆ ಮೇಲ್ ಹಾಕಿದೆ, ಸರ್" ಎನ್ನುವರು, ಮತ್ತೊಬ್ಬರು "ಮೊದಲು ಅವರ ಪಕ್ಕ ಕುಳಿತು ಎಲ್ಲಿ ಸಿಕ್ಕಿಕೊಂಡಿದೆ ಅಂತ ಕೇಳಿದೆ, ಆಮೇಲೆ ಇಬ್ಬರೂ ಹೋಗಿ ಹೇಳಿದೆವು" ಎನ್ನುವರು. "ಅದಕ್ಕೆ ಅವರು ಏನೆಂದರು?" ಎಂಬ ಎರಡನೆಯ ಪ್ರಶ್ನೆಗೆ ಕಟ್ಟುಕಥೆಯು ತಡವರಿಸುತ್ತದೆ. ಎಂಬತ್ತೈದು ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ಷ್ಮಿಟ್ ಮತ್ತು ಹಂಟರ್ ಎಂಬ ಮನಶ್ಶಾಸ್ತ್ರಜ್ಞರು 1998ರಲ್ಲಿ ಕಂಡುಕೊಂಡುದೂ ಇದನ್ನೇ: ಎಲ್ಲರಿಗೂ ಸಮಾನವಾದ, ಪೂರ್ವನಿಶ್ಚಿತವಾದ ಪ್ರಶ್ನೆಗಳುಳ್ಳ ಸಂದರ್ಶನವು, ಮನಬಂದಂತೆ ನಡೆಸುವ ಸಂಭಾಷಣೆಗಿಂತ ಮುಂದಿನ ಕೆಲಸದ ಗುಣವನ್ನು ಚೆನ್ನಾಗಿ ಸೂಚಿಸುತ್ತದೆ.

ವಿರೋಧ

ತಡವರಿಸುವುದೆಲ್ಲ ಸುಳ್ಳಿನ ಲಕ್ಷಣವಲ್ಲ. ಅದು ಭಾಷೆಯ ಸಂಕಟವೂ ಆಗಿರಬಹುದು. ತಾಲ್ಲೂಕು ಊರೊಂದರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಬೆಂಗಳೂರಿನ ಕಂಪನಿಯೊಂದರ ತಣ್ಣನೆಯ ಕೊಠಡಿಯಲ್ಲಿ, ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ತರುಣನೊಬ್ಬನನ್ನು ಭಾವಿಸಿರಿ. ತಂಡವನ್ನು ನಡೆಸಿದ ಅನುಭವವುಂಟೆ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಆತನು "ನೋ ಸರ್" ಎಂದು ತಲೆ ತಗ್ಗಿಸುತ್ತಾನೆ. ಆದರೆ ತ್ರೀಫೇಸ್ ಕರೆಂಟು ರಾತ್ರಿಯೇ ಬರುವ ತನ್ನೂರಿನಲ್ಲಿ, ಒಂದೇ ಕೊಳವೆಬಾವಿಗೆ ಹಕ್ಕುದಾರರಾಗಿ ಪರಸ್ಪರ ಮಾತು ಬಿಟ್ಟಿದ್ದ ಎರಡು ಮನೆಗಳ ನಡುವೆ ಓಡಾಡಿ, "ದೊಡ್ಡಪ್ಪ, ಇವತ್ತು ಚಿಕ್ಕಪ್ಪನ ಟೊಮೇಟೊಗೆ ಬಿಡೋಣ, ನಾಳೆ ನಿಮ್ಮ ಸೊಪ್ಪಿನ ತೋಟಕ್ಕೆ ನಾನೇ ಎದ್ದು ಮೋಟಾರು ಹಾಕ್ತೀನಿ" ಎಂದು ಒಲಿಸಿ, ಯಾರ ಮಾನಕ್ಕೂ ಕುಂದು ಬಾರದಂತೆ ಸರದಿಯನ್ನು ಗೊತ್ತುಪಡಿಸಿ, ಬೇಸಿಗೆಯ ಬೆಳೆಯನ್ನು ಉಳಿಸಿದವನು ಆತನೇ. ಪ್ರಾಜೆಕ್ಟ್ ತಂಡವು ಬೇಡುವ ಗುಣ ಇದೇ ಆಗಿದ್ದರೂ, ಅದನ್ನು ಅನುಭವವೆಂದು ಎಣಿಸಬಹುದೆಂದು ಆತನಿಗೆ ಯಾರೂ ಹೇಳಿಕೊಟ್ಟಿಲ್ಲ.

ಮಾತಿಗೆ ಮಿತಿಮೀರಿದ ಬೆಲೆಯನ್ನು ಕಟ್ಟುವುದರ ಅಪಾಯವನ್ನು ನಮ್ಮ ನ್ಯಾಯಾಲಯವೂ ಸರ್ಕಾರವೂ ಅರಿತಿವೆ. ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನ ಪ್ರವೇಶದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸಂದರ್ಶನಕ್ಕೆ ಒಟ್ಟು ಅಂಕಗಳ ಶೇಕಡಾ 15ಕ್ಕಿಂತ ಹೆಚ್ಚನ್ನು ಮೀಸಲಿಡುವುದು ಸ್ವೇಚ್ಛಾಚಾರವೆಂದಿತು. ಕೇಂದ್ರ ಸರ್ಕಾರವು 2016ರ ಜನವರಿ 1ರಿಂದ ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ತಂಡದ ಕೆಲಸಕ್ಕೆ ಆಳು ಬೇಕಾದರೆ ಆತನನ್ನು ಅರ್ಧ ದಿನ ತಂಡದೊಡನೆಯೇ ಕೂಡಿಸಿ, ನಿಜವಾದ ಒಂದು ಸಮಸ್ಯೆಯನ್ನು ಕೈಗೆ ಕೊಟ್ಟು, ಕೇಳಿಸಿಕೊಳ್ಳುವ ಬಗೆಯನ್ನೂ ತಿಳಿಯದುದನ್ನು ತಿಳಿಯದೆಂದು ಒಪ್ಪುವ ಬಗೆಯನ್ನೂ ನೋಡಲಿ. ಅದಕ್ಕೂ ಸಮಯವಿಲ್ಲವೆಂದಾದರೆ, ಆ ಅನುಭವದ ಪ್ರಶ್ನೆಯನ್ನೇ ಕನ್ನಡದಲ್ಲಿ, "ನಿಮ್ಮೂರಲ್ಲಿ ಜಗಳ ಬಿಡಿಸಿದ್ದುಂಟೇನಪ್ಪಾ?" ಎಂದಾದರೂ ಕೇಳಲಿ, ಆಗ ಆತನು ತಲೆಯೆತ್ತಿ ಬಾವಿಯ ಕಥೆಯನ್ನು ಹೇಳಿಯಾನು.