ಡಬ್ಬಿಯೊಳಗಿನ ಕನ್ನಡಕ್ಕೆ ಬೀಗ ಹಾಕಿದವರಾರು?



ನಿಮ್ಮ ಮನೆಯ ಬೀರುವಿನಲ್ಲೋ, ಸಂಘದ ಟ್ರಂಕಿನಲ್ಲೋ, ಊರಿನ ಡಿ.ಟಿ.ಪಿ. ಅಂಗಡಿಯ ಮೇಜಿನ ಖಾನೆಯಲ್ಲೋ ಅಂಗೈಯಗಲದ ಒಂದು ಕರಿ ಡಬ್ಬಿ ಧೂಳು ತಿನ್ನುತ್ತಾ ಕೂತಿದೆಯೇ? ಒಮ್ಮೆ ಹುಡುಕಿ ನೋಡಿ. ಕಂಪ್ಯೂಟರಿಗೆ ಹೊರಗಿನಿಂದ ತಂತಿ ಸಿಕ್ಕಿಸುವ ಹಾರ್ಡ್ ಡಿಸ್ಕ್ ಅದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳ ಎಷ್ಟೋ ಕನ್ನಡ ಇಂಥ ಡಬ್ಬಿಗಳಲ್ಲೇ ಮಲಗಿದೆ. ಜಾತ್ರೆಯ ಕರಪತ್ರ, ಬಯಲಾಟದ ಪ್ರತಿ, ರಾಜ್ಯೋತ್ಸವದ ಸ್ಮರಣ ಸಂಚಿಕೆ, ಶಾಲೆಯ ಪ್ರಶ್ನೆಪತ್ರಿಕೆ, ರೈತರು ಕೊಟ್ಟ ಮನವಿ, ಊರ ಕವಿಯ ಅಚ್ಚಾಗದ ಪದ್ಯ... ಒಂದೇ ಎರಡೇ?

ಇವುಗಳಲ್ಲಿ ಎಷ್ಟನ್ನು ನೀವು ಇಂದು ಓದಬಲ್ಲಿರಿ? ಇದೇ ನಮ್ಮ ಪ್ರಶ್ನೆ.

ನಮಗಾದ ಕಥೆಯನ್ನೇ ಕೇಳಿ. ನಮ್ಮ ಸಂಘದ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇತ್ತು. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಅದರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ನಮ್ಮ ಹಳೆಯ ಯಂತ್ರಕ್ಕೆ ಅದು ಬೇಡುವ ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್ ಇಲ್ಲ. ಓಡುತ್ತಿರುವ ಎತ್ತನ್ನು ಕಟುಕನಿಗೆ ಕೊಡುವುದೇ? ಬೇಡವೆಂದು, ಕಾಸು ಕೇಳದ ಲಿನಕ್ಸ್ ಹಾಕಿಸಿದೆವು. ಯಂತ್ರ ಮೊದಲಿಗಿಂತ ಚುರುಕಾಯಿತು. ಖುಷಿಯಿಂದ ಹಳೆಯ ಡಬ್ಬಿ ಸಿಕ್ಕಿಸಿದರೆ, ತೆರೆಯಲೊಲ್ಲದು!

ಅಂಗಡಿಗೆ ಒಯ್ದೆವು. ಅಲ್ಲಿನ ಹುಡುಗ ಇನ್ನೊಂದು ಕಂಪ್ಯೂಟರಿಗೆ ಹಾಕಿ ನೋಡಿ, "ಅಣ್ಣಾ, ಡಿಸ್ಕ್ ಕೆಟ್ಟೈತಿ. ಫಾರ್ಮ್ಯಾಟ್ ಹೊಡದ್ರ ಸರಿ ಆಕ್ಕತಿ" ಎಂದ. ಪುಣ್ಯಕ್ಕೆ ನಮ್ಮ ಗೆಳೆಯರೊಬ್ಬರು ಅವನ ಕೈ ಹಿಡಿದರು. ಫಾರ್ಮ್ಯಾಟ್ ಎಂದರೆ ರಿಪೇರಿಯಲ್ಲ ಸ್ವಾಮಿ, ಮನೆ ಖಾಲಿ ಮಾಡಿಸುವುದು! ಹದಿನೈದು ವರ್ಷಗಳ ಸಂಘದ ಕಾಗದಪತ್ರ ಒಂದು ಗುಂಡಿ ಒತ್ತುವಷ್ಟರಲ್ಲಿ ಮಣ್ಣುಪಾಲಾಗುತ್ತಿತ್ತು.

ಡಿಸ್ಕ್ ಕೆಟ್ಟಿರಲಿಲ್ಲ. ವಿಂಡೋಸ್ ತನ್ನ ಸಾಮಾನನ್ನು ಎನ್.ಟಿ.ಎಫ್.ಎಸ್. ಎಂಬ ಕ್ರಮದಲ್ಲಿ ಜೋಡಿಸಿಡುತ್ತದೆ. ಹಿಂದಿನ ಸಲ ನಾವು 'ಇಜೆಕ್ಟ್' ಕೊಡದೆ ತಂತಿ ಕಿತ್ತಿದ್ದೆವು. ಲೆಕ್ಕ ಮುಗಿಸದೆ ಅಂಗಡಿ ಮುಚ್ಚಿದ ಹಾಗೆ! ಆ ಅರೆಬರೆ ಲೆಕ್ಕ ಕಂಡು ಲಿನಕ್ಸ್ ಹಿಂಜರಿದಿತ್ತು, ಅಷ್ಟೆ. ವಿಂಡೋಸ್ ಇರುವ ಯಂತ್ರದಲ್ಲಿ ಹಾಕಿ, ಡಿಸ್ಕ್ ತಪಾಸಣೆ ಓಡಿಸಿ, ಕ್ರಮವಾಗಿ ಇಜೆಕ್ಟ್ ಮಾಡಿ ತಂದೆವು. ಲಿನಕ್ಸ್‌ನಲ್ಲಿ ಬಾಗಿಲು ತೆರೆಯಿತು. ಮೊದಲ ಬೀಗ ಬಿಚ್ಚಿತು.

ಆದರೆ ಒಳಗೆ ಹೋದರೆ ಕನ್ನಡವೇ ಇಲ್ಲ! ಕಡತಗಳೆಲ್ಲಾ ಇವೆ. ತೆರೆದರೆ ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ತಲೆಯ ಮೇಲೆ ಗೆರೆ ಹೊತ್ತ ಯಾವುದೋ ಪರದೇಶಿ ಲಿಪಿ. ನಮ್ಮ ಸ್ಮರಣ ಸಂಚಿಕೆಯನ್ನು ಯಾರೋ ಯೂರೋಪಿನವರು ಬಂದು ಗೀಚಿ ಹೋದ ಹಾಗಿತ್ತು.

ಇದು ಹೇಗಾಯಿತು? ತಿಳಿಯಿರಿ. ನುಡಿ, ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮೊದಲಾದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದಾಗ ಕಂಪ್ಯೂಟರಿನ ಹೊಟ್ಟೆಯೊಳಗೆ ಕನ್ನಡ ಇಳಿಯುತ್ತಲೇ ಇರಲಿಲ್ಲ. ಒಳಗೆ ಇದ್ದದ್ದು ರೋಮನ್ ಅಕ್ಷರ. ಮೇಲೆ ಹೊದಿಸಿದ್ದು ಕನ್ನಡದ ವೇಷ. ಹಳೆಯ ನುಡಿ ಫಾಂಟಿನಲ್ಲಿ 'ಕ' ಎಂದರೆ ಒಳಗೆ ಇಂಗ್ಲಿಷಿನ 'ಪಿ', ಅದರ ತಲೆಕಟ್ಟಿಗೆ ಗೆರೆ ಹೊತ್ತ 'ಎ'. 'ಕನ್ನಡ' ಎಂಬ ಪದದ ನಡುವಿನ 'ನ' ಏನು ಗೊತ್ತೇ? ಬ್ರಿಟಿಷರ ಪೌಂಡಿನ ಗುರುತು! ಅದರ ಒತ್ತು ಜರ್ಮನರ ಒಂದು ಅಕ್ಷರ! ಫಾಂಟ್ ಇದ್ದಷ್ಟು ಹೊತ್ತು ವೇಷ ಮೈಮೇಲಿರುತ್ತದೆ. ಯಂತ್ರ ಬದಲಾಯಿತು, ಫಾಂಟ್ ಇಲ್ಲ, ವೇಷ ಕಳಚಿತು. ಬಣ್ಣ ತೊಳೆದ ಬಯಲಾಟದವನನ್ನು ಬೆಳಗ್ಗೆ ಗುರುತು ಹಿಡಿಯಲಾಗದ ಹಾಗೆ.

ಇದಕ್ಕಾಗಿ ಅವನ್ನು ಕಟ್ಟಿದವರನ್ನು ಬೈಯುವುದು ನ್ಯಾಯವಲ್ಲ. ಕನ್ನಡಕ್ಕೆ ಕೀಲಿಮಣೆ ವಿನ್ಯಾಸ ರೂಪಿಸಿದ ಕೆ.ಪಿ. ರಾವ್, 1998ರಲ್ಲಿ 'ಬರಹ' ಕೊಟ್ಟ ಶೇಷಾದ್ರಿವಾಸು, 'ನುಡಿ' ಕಟ್ಟಿದ ಕನ್ನಡ ಗಣಕ ಪರಿಷತ್ತು ಇವರಿಲ್ಲದಿದ್ದರೆ ಕೊಟ್ಟೂರಿನ ಅಂಗಡಿಯಲ್ಲಿ ಕನ್ನಡ ಕರಪತ್ರ ಹೊರಡುತ್ತಿರಲಿಲ್ಲ. ಅಂದು ಇದ್ದ ದಾರಿ ಅದೊಂದೇ. ಆದರೆ ಇಂದು?

ಪ್ರಪಂಚದ ಲಿಪಿಗಳಿಗೆಲ್ಲಾ ಒಂದೊಂದು ಕಾಯಂ ಜಾಗ ಕೊಟ್ಟ ಯೂನಿಕೋಡ್ 1991ರಲ್ಲೇ ಬಂತು. ಕನ್ನಡಕ್ಕೆ ಅದರಲ್ಲಿ 128 ಮನೆಗಳ ಸ್ವಂತ ಕೇರಿಯಿದೆ. ಅಲ್ಲಿ 'ಕ' ಎಂದರೆ 'ಕ'ವೇ. ವಿಂಡೋಸಿಗೆ ಹೋಗಲಿ, ಲಿನಕ್ಸಿಗೆ ಹೋಗಲಿ, ಮೊಬೈಲಿಗೆ ಹೋಗಲಿ, ಅದು ಬದಲಾಗದು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದಾಗಲೇ ಯೂನಿಕೋಡ್ ಕನ್ನಡ ಅದರಲ್ಲಿತ್ತು. ಇಷ್ಟಾದರೂ ಇಂದಿಗೂ ನಮ್ಮ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಹಳೆಯ ಫಾಂಟಿನಲ್ಲೇ ಕುಟ್ಟುತ್ತಿದ್ದೇವಲ್ಲ, ಇದಕ್ಕೆ ಯಾರನ್ನು ದೂರೋಣ?

ನಮ್ಮ ನೆಲದ ಚರಿತ್ರೆ ನೋಡಿ. 1953ರ ಅಕ್ಟೋಬರ್ 1ರವರೆಗೆ ಈ ಸೀಮೆ ಮದ್ರಾಸಿನ ಆಡಳಿತದಲ್ಲಿತ್ತು. ಹೋರಾಡಿ ಮೈಸೂರಿಗೆ ಬಂದೆವು. ಹರಪನಹಳ್ಳಿಯನ್ನೇ ತೆಗೆದುಕೊಳ್ಳಿ: 1997ರಲ್ಲಿ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ. ಇಷ್ಟು ಮನೆ ಬದಲಿಸಿದರೂ ಹರಪನಹಳ್ಳಿಯ ನಾಲಿಗೆಯ ಮೇಲಿನ ಕನ್ನಡ ಕದಲಲಿಲ್ಲ. ಜಿಲ್ಲೆ ಬದಲಾದರೂ ಉಳಿದ ಕನ್ನಡ, ಆಪರೇಟಿಂಗ್ ಸಿಸ್ಟಮ್ ಬದಲಾದರೆ ಅಳಿಯಬೇಕೇ? ಸರ್ಕಾರಗಳ ಗಡಿ ಗೆದ್ದ ಭಾಷೆ ಒಂದು ಕರಿ ಡಬ್ಬಿಯಲ್ಲಿ ಸೋಲಬೇಕೇ?

ಸೋಲಬೇಕಿಲ್ಲ. ಈ ಕೆಳಗಿನಂತೆ ಮಾಡಿ:

ಒಂದು. "ಡಿಸ್ಕ್ ಫಾರ್ಮ್ಯಾಟ್ ಮಾಡಬೇಕೇ?" ಎಂದು ಯಂತ್ರ ಎಷ್ಟೇ ಸಲ ಕೇಳಿದರೂ ಒಪ್ಪಬೇಡಿ. ಅದು ಕೇಳುತ್ತಿರುವುದು ತನಗೆ ಓದಲು ಬಾರದ ಕಾರಣಕ್ಕೂ ಇರಬಹುದು. ಮ್ಯಾಕ್ ಯಂತ್ರ ಎನ್.ಟಿ.ಎಫ್.ಎಸ್. ಡಿಸ್ಕನ್ನು ಓದುತ್ತದೆ, ತಾನಾಗಿ ಅದರ ಮೇಲೆ ಬರೆಯುವುದಿಲ್ಲ. ಅದನ್ನೂ ಕೆಟ್ಟಿದೆ ಎಂದುಕೊಳ್ಳಬೇಡಿ. ಬಿಟ್‌ಲಾಕರ್ ಬೀಗ ಹಾಕಿದ ಡಿಸ್ಕಾದರೆ, ಹಳೆಯ ವಿಂಡೋಸ್ ಅಳಿಸುವ ಮೊದಲೇ ಗುಪ್ತಪದವನ್ನೂ 48 ಅಂಕಿಗಳ ಕೀಲಿಯನ್ನೂ ಬರೆದಿಟ್ಟುಕೊಳ್ಳಿ.

ಎರಡು. ಬಾಗಿಲು ತೆರೆದ ಕೂಡಲೇ ಎಲ್ಲವನ್ನೂ ಬೇರೆ ಕಡೆ ಪ್ರತಿ ಮಾಡಿ. ಹಳೆಯ ಡಿಸ್ಕಿನಲ್ಲಿ ತಿರುಗುವ ತಟ್ಟೆಯಿದೆ, ಅದಕ್ಕೂ ಮುಪ್ಪಿದೆ. ಹೊಸ ಡಿಸ್ಕನ್ನು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಒಗ್ಗುವ ಎಕ್ಸ್‌ಫ್ಯಾಟ್ ಕ್ರಮದಲ್ಲಿ ಸಿದ್ಧಮಾಡಿಕೊಳ್ಳಿ. ಹಳೆಯ ಫ್ಯಾಟ್ 32 ಆದರೆ 4 ಜಿ.ಬಿ.ಗಿಂತ ದೊಡ್ಡ ಕಡತವನ್ನು ಹಿಡಿಸದು. ನಾಟಕದ ವಿಡಿಯೋ ಅರ್ಧಕ್ಕೇ ನಿಂತೀತು.

ಮೂರು. ಹಳೆಯ ಯಂತ್ರದಿಂದ ಫಾಂಟ್ ಕಡತಗಳನ್ನೂ ಎತ್ತಿಟ್ಟುಕೊಳ್ಳಿ. ಅವನ್ನು ಲಿನಕ್ಸ್‌ನಲ್ಲಿ ಹಾಕಿದರೆ ಹಳೆಯ ಕಡತದ ಕನ್ನಡ ಮತ್ತೆ ಕಣ್ಣಿಗೆ ಕಾಣುತ್ತದೆ. ಪೇಜ್‌ಮೇಕರ್ ಕಡತಗಳನ್ನೂ ಕೈಬಿಡಬೇಡಿ. ಲಿಬ್ರೆ ಆಫೀಸಿನಲ್ಲಿ ತೆರೆದು ನೋಡಿ, ಎಷ್ಟೋ ತೆರೆಯುತ್ತವೆ.

ನಾಲ್ಕು. ಕಂಡರೆ ಸಾಲದು, ಯೂನಿಕೋಡಿಗೆ ಬದಲಿಸಿ. 'ಬರಹ'ದಲ್ಲಿ ಪರಿವರ್ತಕವಿದೆ, ಅರವಿಂದ ವಿ.ಕೆ. ಅವರು ಮಾಡಿರುವ ಪರಿವರ್ತಕ ಎಲ್ಲರಿಗೂ ಮುಕ್ತವಾಗಿದೆ. ಆದರೆ ಬದಲಿಸಿದ ಮೇಲೆ ಕಣ್ಣಾರೆ ಓದಿ. ಅರ್ಕಾವತ್ತು ಜಾಗ ತಪ್ಪಬಹುದು. ನಡುವೆ ಇದ್ದ ಇಂಗ್ಲಿಷ್ ಪದವನ್ನೂ ಯಂತ್ರ ಕನ್ನಡವೆಂದು ತಿಳಿದು ಕಲಸುಮೇಲೋಗರ ಮಾಡಬಹುದು. ಕರಡು ತಿದ್ದುವ ಕೆಲಸಕ್ಕೆ ಊರಿನ ನಿವೃತ್ತ ಮೇಷ್ಟ್ರುಗಳನ್ನು ಕರೆಯಿರಿ, ಬೇಡವೆನ್ನುವುದಿಲ್ಲ.

"ಲಿನಕ್ಸ್‌ನಲ್ಲಿ ಕನ್ನಡ ಕುಟ್ಟೋಕೆ ಆಗಲ್ಲ" ಎಂಬ ಪುಕಾರಿಗೂ ಕಿವಿಗೊಡಬೇಡಿ. ನುಡಿಯಲ್ಲಿ ಕಲಿತ ಕೆ.ಪಿ. ರಾವ್ ವಿನ್ಯಾಸ ಅಲ್ಲಿ 'ಕಗಪ' ಎಂಬ ಹೆಸರಲ್ಲೇ ಸಿಗುತ್ತದೆ. ಗುಬ್ಬಿ, ನವಿಲು, ಲೋಹಿತ್ ಎಂಬ ಅಂದದ ಫಾಂಟುಗಳು ಪುಕ್ಕಟೆ. ಕೇರಳದ ಶಾಲೆಗಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಪಾಠ ಮಾಡುತ್ತಿವೆ. ಅವರಿಗೆ ಆದದ್ದು ಹಡಗಲಿಯ ಮಕ್ಕಳಿಗೆ ಯಾಕೆ ಆಗದು?

ಇನ್ನು ನಮ್ಮ ಒತ್ತಾಯಗಳು. ಐದೂ ತಾಲ್ಲೂಕುಗಳ ಕಚೇರಿ, ಪಂಚಾಯಿತಿ, ಶಾಲೆ, ಕಾಲೇಜುಗಳಲ್ಲಿ ಹೊಸ ಕಡತವೆಲ್ಲಾ ಯೂನಿಕೋಡಿನಲ್ಲೇ ಆಗಬೇಕು. ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಮುನ್ನ ಒಳಗಿನ ಕನ್ನಡವನ್ನು ಇಳಿಸಿ, ಬದಲಿಸಿ, ಕಾದಿಡಬೇಕು. ಡಿ.ಟಿ.ಪಿ. ಅಂಗಡಿಯ ಅಣ್ಣತಮ್ಮಂದಿರೇ, ನಿಮ್ಮ ಹೊಟ್ಟೆಯ ಮೇಲೆ ಹೊಡೆಯುವ ಮಾತಲ್ಲ ಇದು. ಅಚ್ಚಿಗೆ ಹಳೆಯ ಫಾಂಟೇ ಬೇಕಾದರೆ ಬಳಸಿ. ಆದರೆ ಗಿರಾಕಿಗೆ ಯೂನಿಕೋಡಿನ ಒಂದು ಪ್ರತಿ ಕೊಡಿ. ಕಾಸು ಕೊಡುವ ಬಂಧುಗಳೇ, ನೀವೂ ಬಾಯಿ ಬಿಟ್ಟು ಕೇಳಿ. ಕೇಳದವನಿಗೆ ಯಾರೂ ಕೊಡುವುದಿಲ್ಲ.

ನಾವು ನಮ್ಮ ಡಬ್ಬಿಯನ್ನು ಎರಡು ತಿಂಗಳಲ್ಲಿ ಅರ್ಧ ಬಿಡಿಸಿದ್ದೇವೆ. ಮೊನ್ನೆ ಅದರಲ್ಲಿ, ಈಗ ನಮ್ಮೊಡನಿಲ್ಲದ ಹಿರಿಯರೊಬ್ಬರು ರಾಜ್ಯೋತ್ಸವದಂದು ಮಾಡಿದ ಭಾಷಣ ಸಿಕ್ಕಿತು. ಅದು ಬೇರೆಲ್ಲೂ ಇಲ್ಲ. ಅವರ ಮೊಮ್ಮಗಳು ಅದನ್ನು ತನ್ನ ಮೊಬೈಲಿನಲ್ಲಿ ಗಟ್ಟಿಯಾಗಿ ಓದಿದಳು. ಫಾರ್ಮ್ಯಾಟ್ ಹೊಡೆದಿದ್ದರೆ ಆ ದನಿ ಎಲ್ಲಿರುತ್ತಿತ್ತು?

ಬೀಗ ಹಾಕಿದವರು ಪರದೇಶದವರಲ್ಲ ಬಂಧುಗಳೇ, ನಮ್ಮ ಉದಾಸೀನ. ಕೀಲಿಯೂ ನಮ್ಮ ಕೈಯಲ್ಲೇ ಇದೆ. ಈ ಭಾನುವಾರವೇ ನಿಮ್ಮ ಡಬ್ಬಿ ತೆಗೆಯಿರಿ. ತಂತಿ ಸಿಕ್ಕಿಸಿ. ತಿರುಗುವ ತಟ್ಟೆ ತಿರುಗುತ್ತಿರುವಾಗಲೇ ಕನ್ನಡವನ್ನು ಈಚೆ ತನ್ನಿ!