ಗ್ರೀಕ್ ಕಥೆ ಯಾಕಮ್ಮಾ ಅಂತ ಕೇಳಿದವರಿಗೆ

1/7
ಹೋದ ವಾರ ಮ್ಯಾಡ್ಲಿನ್ ಮಿಲ್ಲರ್ ಬರೆದ 'ಸರ್ಸಿ' ಕಾದಂಬರಿಯ ಫೋಟೋ ಹಾಕಿದ್ದೆ, ಶಿಡ್ಲಘಟ್ಟ ಬಸ್ಸಿನ ಕಿಟಕಿ ಪಕ್ಕ ಇಟ್ಟು. ಕಾಮೆಂಟಲ್ಲಿ ಬಂದಿದ್ದು ಹೆಚ್ಚುಕಮ್ಮಿ ಒಂದೇ ಮಾತು: "ನಮ್ಮಲ್ಲಿ ರಾಮಾಯಣ ಮಹಾಭಾರತ ಇಲ್ವಾ? ಗ್ರೀಕ್ ಕಥೆ ಯಾಕಮ್ಮಾ?" ಒಬ್ಬೊಬ್ಬರಿಗೂ ರಿಪ್ಲೈ ಮಾಡೋಕಾಗಲ್ಲ, ಶುಕ್ರವಾರ ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್ ಇದೆ. ಎಲ್ಲರಿಗೂ ಒಟ್ಟಿಗೆ ಹೇಳ್ತೀನಿ. ಕೊನೆವರೆಗೂ ಓದಿ, ಆಮೇಲೆ ಬೈಯಿರಿ.

2/7
ಮೊದಲು ಪುಸ್ತಕದ ವಿಷಯ. ಹೋಮರನ 'ಒಡಿಸ್ಸಿ'ಯಲ್ಲಿ ಸರ್ಸಿ ಒಬ್ಬ ಮಾಟಗಾತಿ. ತನ್ನ ದ್ವೀಪಕ್ಕೆ ಬಂದ ನಾವಿಕರಿಗೆ ಊಟದಲ್ಲಿ ಮದ್ದು ಹಾಕಿ ಹಂದಿ ಮಾಡ್ತಾಳೆ. ಯಾಕೆ ಮಾಡಿದ್ಲು ಅಂತ ಹೋಮರ್ ಹೇಳಲ್ಲ. ಆ ಕಥೆ ಹೇಳೋನೂ ಅವಳಲ್ಲ, ಒಡಿಸ್ಸಿಯಸ್. 2018ರ ಈ ಕಾದಂಬರಿಯಲ್ಲಿ ಅವಳೇ ಮಾತಾಡ್ತಾಳೆ. ಹಸಿದು ಬಂದವರಿಗೆ ಊಟ ಹಾಕಿದ್ಲು. ಮನೇಲಿ ಗಂಡಸಿಲ್ಲ ಅಂತ ಗೊತ್ತಾಗಿದ್ದೇ ತಡ, ಬಂದವರು ಅವಳ ಮೈಮೇಲೆ ಬಿದ್ರು. ಹಂದಿ ಆಗಿದ್ದು ಅದಾದ ಮೇಲೆ. ಹಂದಿಗಳು ಅವೇ. ಹೇಳೋರು ಬದಲಾದ್ರು.

3/7
"ಪುರಾಣವನ್ನ ಹೀಗೆ ತಿರುಚಬಾರದು" ಅಂದಿದ್ದೀರಿ ಕೆಲವರು. ಹಾಗಾದ್ರೆ ಪಂಪನನ್ನ ಏನು ಮಾಡೋಣ? 941ರಲ್ಲೇ ಮಹಾಭಾರತ ಎತ್ತಿಕೊಂಡು ತನಗೆ ಅನ್ನ ಹಾಕಿದ ರಾಜ ಅರಿಕೇಸರಿಯನ್ನ ಅರ್ಜುನನ ಜಾಗದಲ್ಲಿ ಕೂರಿಸಿದ. ದ್ರೌಪದಿಯನ್ನ ಐವರ ಬದಲು ಅರ್ಜುನನೊಬ್ಬನ ಹೆಂಡತಿ ಮಾಡಿದ. ನಾವು ಅವನನ್ನ ಆದಿಕವಿ ಅಂತೀವಿ. ಭೈರಪ್ಪನವರ 'ಪರ್ವ' 1979ರಲ್ಲಿ ಬಂತು, ದೇವರು ಪವಾಡ ಎಲ್ಲಾ ತೆಗೆದು. ಕಥೆಯನ್ನ ಮತ್ತೆ ಮತ್ತೆ ಹೇಳೋದೇ ನಮ್ಮ ಸಂಪ್ರದಾಯ ಸ್ವಾಮಿ, ಗ್ರೀಕರ ಹತ್ರ ಕಡ ತಂದಿದ್ದಲ್ಲ.

4/7
"ಹೊರಗಿನದು ಯಾಕೆ" ಅಂದವರಿಗೆ. 1929ರ 'ಅಶ್ವತ್ಥಾಮನ್' ನಾಟಕ ನೆನಪಿದೆಯಾ? ಬಿಎಂಶ್ರೀ ಸೊಫೋಕ್ಲಿಸ್‌ನ 'ಏಜಾಕ್ಸ್' ನಾಟಕ ತಗೊಂಡು ಅದರೊಳಗೆ ನಮ್ಮ ಅಶ್ವತ್ಥಾಮನನ್ನ ಇಟ್ಟರು. ಚಿರಂಜೀವಿ ಅಂತ ಹೆಸರಾದವನನ್ನೇ ಸಾಯಿಸಿದರು. ಕನ್ನಡ ಅದರಿಂದ ಬಡವಾಗಲಿಲ್ಲ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯವರಂತೂ ಈ ಮಾತು ಆಡಲೇಬಾರದು. ಕೈವಾರ ತಾತಯ್ಯ ಹಾಡಿದ್ದು ತೆಲುಗಲ್ಲೂ ಹೌದು, ಕನ್ನಡದಲ್ಲೂ ಹೌದು. ನಮ್ಮಜ್ಜಿ ಒಂದೇ ವಾಕ್ಯದಲ್ಲಿ ಎರಡೂ ಭಾಷೆ ಆಡ್ತಾರೆ.

5/7
ಆದ್ರೆ ನಿಮ್ಮ ಮಾತಲ್ಲಿ ಅರ್ಧ ನಿಜ ಇದೆ, ಒಪ್ಕೋತೀನಿ. ಇಂಗ್ಲಿಷಲ್ಲಿ ಸರ್ಸಿ ಮುಗಿಸಿದ ನಾನು ಕನ್ನಡದಲ್ಲಿ ಪಠ್ಯದಾಚೆ ಓದಿದ್ದು ಕಮ್ಮಿ. ನಾಚಿಕೆ ಆಯ್ತು. ನಿಮಗೆ? ಬಿಕಾಂ ಹುಡುಗಿ ಭಾಷೇಲಿ ಹೇಳ್ತೀನಿ: ಗೋಡೌನಲ್ಲಿ ಸ್ಟಾಕ್ ಇದೆ ಅಂತ ಬರೆದರೆ ಸಾಲದು, ಆಡಿಟರ್ ಬಂದು ಬಾಗಿಲು ತೆಗೆಸಿ ಎಣಿಸ್ತಾನೆ. "ನಮ್ಮಲ್ಲಿ ಎಲ್ಲಾ ಇದೆ" ಅಂತೀರಲ್ಲ, ಕೊನೇ ಸಲ ಬಾಗಿಲು ತೆಗೆದಿದ್ದು ಯಾವಾಗ?

6/7
ನಾನು ತೆಗೆದೆ. ಸರ್ಸಿ ಓದಿದ ಮೇಲೇ ತೆಗೆದೆ. ಚಿಂತಾಮಣಿ ತಾಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರ, ಭೀಮ ಬಕಾಸುರನನ್ನ ಕೊಂದಿದ್ದು ಇಲ್ಲೇ ಅಂತ ನಾವೆಲ್ಲಾ ಕೇಳಿ ಬೆಳೆದಿದ್ದೀವಿ. ಗಾಡಿ ತುಂಬಾ ಅನ್ನ, ಅದರ ಜೊತೆ ಒಬ್ಬ ಮನುಷ್ಯ. ಸರದಿ ಬಂದ ಮನೇಲಿ ಒಬ್ಬಳು ಮಗಳಿದ್ದಳು ಅನ್ನೋದು ನಿಮಗೆ ನೆನಪಿದೆಯಾ? ನನಗಿರಲಿಲ್ಲ. ಮೂಲ ಕಥೇಲಿ ಅವಳು ಅಪ್ಪನಿಗೆ ಹೇಳ್ತಾಳೆ: ಹೆಣ್ಣುಮಗಳನ್ನ ಒಂದಲ್ಲ ಒಂದು ದಿನ ಬಿಟ್ಟುಕೊಡಲೇಬೇಕು, ಈಗಲೇ ಕೊಟ್ಟುಬಿಡಿ, ಉಳಿದವರು ಬದುಕ್ತೀರಿ ಅಂತ. ಮುಂದೆ ಕುಂತಿ ಬಂದು ಭೀಮನನ್ನ ಕಳಿಸ್ತಾಳೆ, ಭೀಮ ಗೆಲ್ತಾನೆ, ಎಲ್ಲರಿಗೂ ಖುಷಿ. ಆ ಹುಡುಗಿಗೆ ಕಥೇಲಿ ಹೆಸರೂ ಇಲ್ಲ.

ಅದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮನೇಲಿ ಈಗ ದಿನಾ ನಡೆಯೋ ಮಾತು ಅದೇ. ಡಿಗ್ರಿ ಮುಗಿದ ತಕ್ಷಣ ಇವಳನ್ನ ಎಲ್ಲಿಗೆ ಕೊಡೋದು? ಯಾರಿಗೆ ಕೊಡೋದು? ಕೊಡೋದು! ಅಮ್ಮ ಅದನ್ನ ಕೆಟ್ಟ ಮನಸ್ಸಿಂದ ಹೇಳಲ್ಲ, ಗೊತ್ತು. ಅವರನ್ನೂ ಹಾಗೇ ಕೊಟ್ಟಿದ್ದು. ಆದ್ರೆ ಆ ಪದ ಆವತ್ತಿನಿಂದ ನನಗೆ ಬೇರೆ ಥರ ಕೇಳಿಸ್ತಿದೆ.

7/7
ಗ್ರೀಕ್ ಕಥೆ ಯಾಕೆ ಅಂದ್ರಲ್ಲ, ಇದಕ್ಕೆ. ಎಲ್ಲೋ ಒಂದು ದ್ವೀಪದ ಹೆಂಗಸು "ನನ್ನನ್ನ ಕೇಳಿದ್ರಾ?" ಅಂದಳು. ಆ ಪ್ರಶ್ನೆ ತಗೊಂಡು ನಾನು ನಮ್ಮೂರಿನ ಕಥೆಗೆ ವಾಪಸ್ ಬಂದೆ. "ನಮ್ಮದನ್ನ ಓದು" ಅಂತ ನೀವು ಗದರಿದ್ದಕ್ಕಲ್ಲ.

ಇನ್ಮೇಲೆ ನನಗೆ ಏನು ಓದಬೇಡ ಅಂತ ಹೇಳಬೇಡಿ. ನೀವು ಕೊನೆಯದಾಗಿ ಪೂರ್ತಿ ಓದಿದ ಕನ್ನಡ ಪುಸ್ತಕ ಯಾವುದು ಅಂತ ಕೆಳಗೆ ಬರೀರಿ. ನಾನು ಅದನ್ನ ಓದ್ತೀನಿ. ಸತ್ಯವಾಗ್ಲೂ. ಇಂಟರ್ನಲ್ಸ್ ಮುಗೀಲಿ.

#ಕೈವಾರ #ಶಿಡ್ಲಘಟ್ಟ #ಕನ್ನಡಓದು